ಕಣಿವೆಯಲ್ಲಿ ಹಗಲು ನಾಟಕ

ನನ್ನ ಪೇಟಿ ಮಾಸ್ತರರಿಗೆ,

ಗೋಗಿಯ ಖಬರಸ್ತಾನದ ಬೇವಿನ ಕೆಳಗೆ ಮಲಗಿದ ನಿಮಗೆ ನಿಮ್ಮ ರಾಜಪಾರ್ಟಿನವನ ಶರಣು. ಎದುರಿಗಿದ್ದರೆ ಗಂಟಲು ಬಿಚ್ಚಿಯೇ ಹೇಳುತ್ತಿದ್ದೆ. ಬರೆಯುತ್ತಿದ್ದೇನೆ, ಯಾಕೆಂದರೆ ತಕರಾರು ಇರುವುದೇ ಗಂಟಲಿನದು.

ನೆನಪಿದೆಯೇ, ನನ್ನಪ್ಪ ಕುರುಚಲು ಕಡಿದು ಹಸನು ಮಾಡಿದ್ದ ಕಣಿವೆಯ ಹೊಲಕ್ಕೆ ನೀವು ಮೊದಲ ಸಲ ಹಾರ್ಮೋನಿಯಂ ಹೊತ್ತು ಬಂದದ್ದು? ಆ ಕಡೆ ಒಂದು ಗುಡ್ಡ, ಈ ಕಡೆ ಒಂದು ಗುಡ್ಡ, ನಡುವೆ ನಮ್ಮ ತೊಗರಿ. "ಒದರು ಮಗನ," ಎಂದಿರಿ. ಒದರಿದೆ. ನನ್ನ ಮಾತು ಎದುರಿನ ಬಂಡೆಗೆ ಬಡಿದು ನನಗೇ ತಿರುಗಿ ಬಂತು. "ಮೈಕಿನ ಬಾಡಿಗಿ ಉಳೀತು ನೋಡು. ಇಲ್ಲೇ ಕಟ್ಟಿ ಕಟ್ಟೂಣು," ಎಂದು ನಕ್ಕಿರಿ. ಆ ಕಟ್ಟೆಯೇ ನಮ್ಮ ರಂಗಮಂಚವಾಯಿತು. ಕೊನೆಗೆ ಶಹಾಪುರದ ದವಾಖಾನೆಯಲ್ಲಿ ನನ್ನ ಕೈ ಹಿಡಿದು, "ವರ್ಷಾ ವರ್ಷಾ ನಾ ಸತ್ತ ದಿನ, ನನ್ನ ಬರಸಿಗೆ, ಅಲ್ಲೊಂದು ನಾಟಕ ಆಗಬೇಕು. ಗುಡ್ಡ ಮಾತಾಡಬೇಕು," ಎಂದಿರಿ. ಆಗಲಿ ಎಂದೆ. ಅಷ್ಟೇ ನೋಡಿ ನನ್ನ ತಪ್ಪು, ತಪ್ಪಾದರೆ…

ಶಾಂತಮ್ಮನನ್ನು ನೀವು ನೋಡಿಲ್ಲ. ಅರಣ್ಯ ಇಲಾಖೆಯ ಗಾರ್ಡ್. ನೀವು ಹೋದ ಮೇಲೆ ಒಂದು ದಿನ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ ಅಂದಳು, "ಅಣ್ಣಾರ, ಈ ಗುಡ್ಡದಾಗ ನೀರದ, ಆ ಗುಡ್ಡದಾಗ ಹಣ್ಣದ. ನಡುವ ನೀವದೀರಿ. ಕರಡಿ ಎಲ್ಲಿ ಹಾಯಬೇಕ್ರಿ? ಈ ಹೊಲ ಬಿಟ್ಟುಕೊಟ್ರ ಗಿಡ ಹಚ್ಚಿ ಹಾದಿ ಮಾಡ್ತೀವ್ರಿ." ಕಟ್ಟೆಯ ಮೇಲೆ ನಾನು ಎಷ್ಟು ರಾಜ್ಯ ದಾನ ಮಾಡಿಲ್ಲ? ಒಂದು ಪಟ್ಟಿ ತೊಗರಿ ಹೊಲಕ್ಕೆ ನಾಲಿಗೆ ಹೊರಳಲಿಲ್ಲ. ನನ್ನ ಹೆಂಡತಿಯೇ ಹೂಂ ಅಂದಳು. "ಅಲ್ಲಿ ಬೆಳದದ್ದು ಅರ್ಧ ಹಂದಿ ತಿಂತಾವ, ಉಳದದ್ದು ಇವರ ನಾಟಕ ನೋಡೋರು ತುಳೀತಾರ. ಕರಡಿಗೆ ಕೊಟ್ರ ಹೆಸರಾರ ಉಳೀತದ, ಬರಕೊಳ್ಳವಾ."

ಇಲಾಖೆಯವರು ಹೊಲದ ತುಂಬ ಬಾರೆ, ಕಾರೆ, ಸೀತಾಫಲ, ಬೇವು ನೆಟ್ಟರು. ಕಟ್ಟೆ ಹಾಗೇ ಉಳಿಯಿತು. ಈಗ ಸಸಿಗಳು ನನ್ನ ಎದೆಮಟ್ಟ ಬಂದಿವೆ. ಈ ಸಲ ಬರಸಿ ಸೀತಾಫಲ ಮಾಗುವ ಹೊತ್ತಿಗೇ ಬಂತು, ಹಿಂದೆಯೇ ಶಾಂತಮ್ಮನೂ ಬಂದಳು. ತಾಯಿಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಗಿಡಗಳ ಅಂಚಿನ ತನಕ ಬಂದು ಹೊರಳಿ ಹೋಗುತ್ತಿದೆಯಂತೆ. "ಸಂಜಿಗಿ ದೀಪ ಬ್ಯಾಡ್ರಿ, ಒದರೂದು ಬ್ಯಾಡ್ರಿ. ಒಮ್ಮಿ ಹಾಯ್ದರ ಹಾದಿ ಗಟ್ಟಿ ಆಗ್ತದ. ಈಗ ಬೆದರಿದ್ರ ಮತ್ತ ಬರಂಗಿಲ್ಲ."

ನಮ್ಮ ಹಾಸ್ಯಪಾರ್ಟಿನ ಭೀಮಣ್ಣ ಗೊತ್ತಲ್ಲ, "ಅದಕ್ಕೂ ಒಂದು ಪಾಸ್ ಕೊಡು, ಮುಂದಿನ ಸಾಲಿನಾಗ ಕುಂದ್ರತದ," ಎಂದ. ನಕ್ಕೆ. ನಕ್ಕು ಮುಗಿದ ಮೇಲೆ ಏನು ಮಾಡಲಿ ಎಂದು ತಿಳಿಯದೆ ನಿಮ್ಮ ಮನೆಗೆ ಹೋದೆ. ಪ್ರತಿ ವರ್ಷ ನಾಟಕಕ್ಕೆ ಗೋಗಿಯಿಂದ ಟಂಟಂ ಹತ್ತಿ ಬಂದು ಮುಂದಿನ ಚಾಪೆಯ ಮೇಲೆ ಕೂರುವ ನಿಮ್ಮ ಮನೆಯವರನ್ನೇ ಕೇಳಿದೆ.

"ಚಾಚಿ, ಈ ಸಲ ಸಾಲಿ ಬಯಲಾಗ ಮಾಡೂಣೇನ್ರಿ?"

ಅಕ್ಕಿ ಹಸನು ಮಾಡುವ ಕೈ ನಿಲ್ಲಲಿಲ್ಲ. "ಸಾಲಿ ಬಯಲಾಗ ಅವರು ಎಲ್ಲಿ ಅದಾರ, ಬೇಟಾ? ನನಗ್ಯಾಕ ಕೇಳ್ತಿ. ಮಾತು ಕೊಟ್ಟಿದ್ದು ಅವರಿಗಿ, ಅವರಿಗೇ ಕೇಳು."

ಅವತ್ತೇ ಬಂದು ಕೇಳಿದೆನಲ್ಲ, ನಿಮ್ಮ ಈ ಬೇವಿನ ಕೆಳಗೇ ನಿಂತು. ನೀವು ಬದುಕಿದ್ದಾಗಲೂ ನೇರ ಉತ್ತರ ಕೊಟ್ಟವರಲ್ಲ. ಪೇಟಿಯ ಒಂದು ಸ್ವರ ಒತ್ತಿ, "ತಿಳೀಲಿಲ್ಲೇನು?" ಅನ್ನುತ್ತಿದ್ದಿರಿ. ಈಗ ಅದೂ ಇಲ್ಲ.

ಕೊನೆಗೆ ನಿನ್ನೆ ಮಟಮಟ ಮಧ್ಯಾಹ್ನ ಆಡಿದೆವು, ಮಾಸ್ತರರೇ. ಆ ಹೊತ್ತಿಗೆ ಕರಡಿಗಳು ಗವಿಯಲ್ಲಿ ಮಲಗಿರುತ್ತವೆ, ಮೆಲ್ಲಗೆ ಮಾತಾಡಿ ಹೊತ್ತಿರಲೇ ಹೊರಡಿ ಎಂದಿದ್ದಳು ಶಾಂತಮ್ಮ. ಸುರಪುರದಿಂದ ಪರದೆ ತರಿಸಲಿಲ್ಲ. ನಿಮ್ಮ ಪೇಟಿಯನ್ನು ಮುಚ್ಚಿಯೇ ಕಟ್ಟೆಯ ಮೇಲಿಟ್ಟೆವು. ಬಿಸಿಲಿಗೆ ಬಣ್ಣ ಕರಗಿ ಭೀಮಣ್ಣನ ಮೀಸೆ ಗದ್ದಕ್ಕಿಳಿಯಿತು. ರಾಜ ರಾಜ್ಯ ಬಿಟ್ಟುಕೊಡುವ ನೋಟವನ್ನು, ನೀವು ಬರೆದ ಆ ಮಾತುಗಳನ್ನು, ಪಕ್ಕದವನಿಗೆ ಹೇಳುವ ಹಾಗೆ ಹೇಳಿದೆ. ಗುಡ್ಡ ಉತ್ತರ ಕೊಡಲಿಲ್ಲ. ನನ್ನ ಜೀವ ಅಷ್ಟಕ್ಕೇ ಅರ್ಧವಾಯಿತು. ಚಾಚಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಅವರೇ ಕರೆದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಇಷ್ಟು ವರ್ಷ ನಿನ್ನ ದನಿ, ಗುಡ್ಡದ ದನಿ ಎರಡೂ ಕಲೆತು ಒಂದು ಮಾತೂ ತಿಳೀತಿರಲಿಲ್ಲ, ಬೇಟಾ. ಅವರು ಏನು ಬರದಾರ ಅಂತ ಇವತ್ತ ತಿಳೀತು."

ಹಾಗಾದರೆ ನಾವು ಇಷ್ಟು ವರ್ಷ ಒದರಿದ್ದು… ಗುಡ್ಡ ಮಾತಾಡಬೇಕು ಎಂದವರು ನೀವು. ಅದು ಸುಮ್ಮನಿದ್ದ ದಿನ ನಿಮ್ಮ ಮಾತು ನಿಮ್ಮ ಮನೆಯವರಿಗೆ ಮುಟ್ಟಿತು. ನಾನು ಕೊಟ್ಟ ಮಾತು ಉಳಿಯಿತೋ, ಮುರಿಯಿತೋ? ಆ ಗಿಡಗಳು ಮರವಾದ ಮೇಲೆ ಎಷ್ಟು ಒದರಿದರೂ ಮರುದನಿ ಬರಲಿಕ್ಕಿಲ್ಲ. ಅದಕ್ಕೆ ಅಳಬೇಕೋ ನಗಬೇಕೋ ನೀವೇ ಹೇಳಿಕೊಡಬೇಕಿತ್ತು. ಆ ಪಾಠ ಹೇಳುವ ಮೊದಲೇ ಎದ್ದು ಹೋದಿರಿ.

ಇವತ್ತು ಬೆಳಿಗ್ಗೆ ಮರೆತುಬಂದ ಚಾಪೆ ತರಲು ಹೋಗಿದ್ದೆ. ಚಾಚಿ ಕೂತಿದ್ದ ಜಾಗದಲ್ಲೇ ಸೀತಾಫಲದ ಬೀಜ ತುಂಬಿದ ಲದ್ದಿ ಬಿದ್ದಿತ್ತು. ಮಗ್ಗುಲಲ್ಲಿ ಆ ತಾಯಿಯ ಹೆಜ್ಜೆಗಳು, ಅಗಲ ಪಾದ, ಉದ್ದ ಉಗುರು. ಈ ಗುಡ್ಡದಿಂದ ಬಂದು, ಕಟ್ಟೆ ಬಳಸಿ, ಆ ಗುಡ್ಡದ ಕಲ್ಲುಗಳೊಳಗೆ ಹೋಗಿದ್ದವು. ಹೊರಳಿ ಬಂದ ಗುರುತಿಲ್ಲ. ಊರಿಗೆಲ್ಲ ಕೇಳುವಂತೆ ಒದರಲು ಬಾಯಿ ತೆರೆದೆ, ಮಾಸ್ತರರೇ. ಮುಚ್ಚಿದೆ. ಯಾರಿಗೂ ಹೇಳದೆ ಗೋಗಿಗೆ ಬಂದು ನಿಮ್ಮ ಬೇವಿನ ಕೆಳಗೆ ಕೂತು ಇಷ್ಟು ಬರೆದೆ, ಒಂದು ಮಾತು ಮಾತ್ರ ಮೆಲ್ಲಗೆ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಹಾಯ್ದಳು.