ಹಳದಿ ಕಾರಿನ ಮುಂದಿನ ಜಾಗ

ನನ್ನ ಮುದ್ದು ತಂಗೀ,

ಬಾಯಲ್ಲಿ ಹೇಳಹೋದರೆ ಬೈಗುಳವೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಹೆದ್ದಾರಿಗೆ ಸೇರುವ ರಸ್ತೆಯ ತುದಿಯಲ್ಲಿ ನೀನು ಮತ್ತೆ ಕಾರು ನಿಲ್ಲಿಸಿದೆ. ಹಿಂದಿದ್ದ ಲಾರಿ ಗೇಣು ದೂರದಲ್ಲಿ ಕಿರುಚಿಕೊಂಡು ನಿಂತಾಗ ನನ್ನ ಜೀವ ಬಾಯಿಗೆ ಬಂತು. ನೀನೋ, "ಅವರೆಲ್ಲ ಹೋಗ್ಲಿ ಅಕ್ಕ, ಆಮೇಲೆ ನಾವು ಹೋಗೋಣ" ಅಂದೆ.

ಅವರೆಲ್ಲ ಹೋಗಿ ಮುಗಿಯುವುದು ಯಾವಾಗ, ತಾಯಿ? ಚಿಕ್ಕಂದಿನಿಂದ ನೀನು ಹೀಗೆಯೇ. ಬಾಗಿಲಲ್ಲಿ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಬರುವವಳು, ಪಾತ್ರೆಯ ತಳಕ್ಕೆ ಅಂಟಿದ್ದನ್ನು ಉಣ್ಣುವವಳು. ಅಮ್ಮ ಅದನ್ನು ಒಳ್ಳೆಯ ಗುಣವೆಂದು ಹೊಗಳಿ ಹೊಗಳಿ ಬೆಳೆಸಿದಳು. ಆ ಗುಣವೇ ನಿನ್ನನ್ನು ಕೊಲ್ಲುತ್ತದೇನೋ ಎಂದು ನನಗೀಗ ಭಯ. ಅಲ್ಲಿ ನಿಲ್ಲುವುದು ಮರ್ಯಾದೆಯಲ್ಲ ಕಣೇ. ಆ ರಸ್ತೆಯನ್ನು ಅಷ್ಟು ಉದ್ದ ಮಾಡಿರುವುದೇ ವೇಗ ಹಿಡಿಯಲಿ ಎಂದು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಭುಜದ ಮೇಲಿಂದೊಮ್ಮೆ ತಿರುಗಿ ನೋಡಿ, ಅವರ ವೇಗಕ್ಕೆ ನಿನ್ನ ವೇಗ ಕೂಡಿಸಿ, ಸಂದಿ ಕಂಡಲ್ಲಿ ಒಳಗೆ ಹೋಗಬೇಕು. ಊರಿಗೆಲ್ಲ ಡ್ರೈವಿಂಗ್ ಕಲಿಸಿ ಹೊಟ್ಟೆ ಹೊರೆಯುವ ನನಗೆ ನಿನಗೊಬ್ಬಳಿಗೆ ಇಷ್ಟನ್ನು ಕಲಿಸಲಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ನಿನ್ನನ್ನು ದಿನವೂ ಕರೆದೊಯ್ಯುತ್ತಿದ್ದ ಜೊತೆಯ ನರ್ಸಿಗೆ ವರ್ಗವಾಯಿತು. ಆಸ್ಪತ್ರೆಗೆ ಬೇರೆ ದಾರಿಯಿಲ್ಲ, ಬಸ್ಸೂ ಇಲ್ಲ. ಕೆಲಸ ಬಿಡು ಎನ್ನಲು ನನಗೆ ಬಾಯಿಲ್ಲ. ಅಪ್ಪನಿಲ್ಲದ ಮಗಳನ್ನು ನೀನು ಸಾಕುತ್ತಿರುವುದು ಅದರಿಂದಲೇ. ನಾಳೆಯಿಂದ ನೀನು ಒಬ್ಬಳೇ ಹೋಗಬೇಕು.

ಇನ್ನೊಂದು ಮಾತು. ಕಲಿಸುವ ಕಾರಿನಲ್ಲಿ ನಾನು ಕೂರುವ ಕಡೆಯೂ ಒಂದು ಬ್ರೇಕ್ ಇರುತ್ತದಲ್ಲ, ಇವತ್ತು ನಿನ್ನ ಕಾರಿನಲ್ಲೂ ನನ್ನ ಕಾಲು ಅದನ್ನೇ ಹುಡುಕಿ ಬರೀ ಮ್ಯಾಟನ್ನು ತುಳಿಯಿತು. ನೀನು ಅದನ್ನು ನೋಡಿದೆ, ನೋಡಿ ಇನ್ನಷ್ಟು ಹೆದರಿದೆ. ನಿನ್ನ ಪಕ್ಕ ಕೂತು ನಾನು ಭಯವನ್ನೇ ಕಲಿಸುತ್ತಿದ್ದೇನೆ.

ಅದಕ್ಕೇ ನಾಳೆ ಪಕ್ಕದಲ್ಲಿ ಕೂರುವುದಿಲ್ಲ. ನೀನು ಸೇರುವ ಜಾಗಕ್ಕಿಂತ ಸ್ವಲ್ಪ ಹಿಂದೆ, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾಯುತ್ತಿರುತ್ತೇನೆ, ಹೊರಡುವಾಗ ಫೋನ್ ಮಾಡು. ನೀನು ಸೇರುವ ಹೊತ್ತಿಗೆ ಅಂಚಿನ ಸಾಲಿನಲ್ಲಿ, ನೆತ್ತಿಯ ಮೇಲೆ ಬೋರ್ಡು ಹೊತ್ತ ನನ್ನ ಹಳದಿ ಕಾರು ಬರುತ್ತಿರುತ್ತದೆ. ಅದರ ಮುಂದಿನ ಜಾಗ ನಿನ್ನದು. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೈಮುಗಿದು ಬೇಡುತ್ತೇನೆ, ನಿಲ್ಲಬೇಡ. ಈ ಒಂದು ಸಲ ಅಕ್ಕನಿಗೆ ದಾರಿ ಬಿಡಬೇಡ, ಅಕ್ಕನಿಗಿಂತ ಮುಂದೆ ಹೋಗು.

ನನ್ನ ಆಯಸ್ಸೂ ನಿನಗಿರಲಿ.

ನಿನ್ನ ಬೆನ್ನಿಗೇ ಬರುವ,
ಅಕ್ಕ