ಪರ್ಥ್‌ಗೆ, ಶಾಲೂ ಇಲ್ಲದೆ

12 ಜನವರಿ 2024, ಬೆಳಿಗ್ಗೆ 9
ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದೆ. ಎರಡು ಹೆರಿಗೆ, ಒಂದು ಸಿಸೇರಿಯನ್. ಶಾಲೂಗೆ ಜಡೆ ಹಾಕಿ ಶಾಲೆಗೆ ಕಳಿಸಿ ಕೂತಾಗ ಆಸ್ಟ್ರೇಲಿಯಾದ ಮೇಲ್. ನನಗೆ ವೀಸಾ ಬಂದಿದೆ. ಗಂಡ ಆಲ್ಬರ್ಟನಿಗೂ. ಶಾಲೂಗೆ, ನಮ್ಮ ಶಾಲೋಮಳಿಗೆ, ಇಲ್ಲ — ಮಗಳೆಂದು ತೋರಿಸುವ ಕಾಗದ ಬೇಕಂತೆ.

ಎಲ್ಲಿಂದ ತರಲಿ? ಅವಳನ್ನು ಹೆತ್ತವಳು ನನ್ನ ಅಕ್ಕ ಮರ್ಸಿ. ಹೆತ್ತ ಹನ್ನೊಂದನೇ ದಿನ ತೀರಿಕೊಂಡಳು. ಭಾವ ಪಾಲ ಕೂಸನ್ನು ನನ್ನ ಮಡಿಲಿಗೆ ಹಾಕಿ ತನ್ನೂರು ಚಿಂತಾಕಿಗೆ ಹೋದವನು ತಿರುಗಿ ನೋಡಲಿಲ್ಲ. ಒಂಬತ್ತು ವರ್ಷ. ನಾನೇ ಮಮ್ಮಿ, ಆಲ್ಬರ್ಟನೇ ಡ್ಯಾಡಿ. ಅವಳಿಗೆ ಬೇರೇನೂ ಗೊತ್ತಿಲ್ಲ.

ಈಗ ನನಗೆ ಮೂರು ತಿಂಗಳು. ಇನ್ನೂ ಹುಟ್ಟದ್ದಕ್ಕೆ ದಾರಿ ಇದೆ. ಇವಳಿಗಿಲ್ಲ.

15 ಜನವರಿ
ಬೀದರಿನ ವಕೀಲ ಅಬ್ದುಲ ಸಮದ ಅವರ ಆಫೀಸು.
"ಕೋರ್ಟ್ ಆರ್ಡರ್ ಬೇಕ್ರಿ ಸಿಸ್ಟರ್. ತಂದಿ ಜೀವಂತ ಇದ್ದಾನ. ಅಂವ ಬಂದು ಜಡ್ಜ್ ಮುಂದ ಒಪ್ಪಬೇಕು. ಹೋಗ್ತೀಯೇನು ಅಂತ ಹುಡುಗಿಗೂ ಕೇಳ್ತಾರ."
"ಏಪ್ರಿಲ್ ಹದಿನೈದಕ್ಕ ನಾ ಪರ್ಥ್‌ನಾಗ ಡ್ಯೂಟಿಗಿ ಸೇರಬೇಕ್ರಿ."
ಕ್ಯಾಲೆಂಡರ್ ನೋಡಿದರು. ಅರ್ಜಿಯ ಹಾಳೆ ಎಳೆದುಕೊಂಡು ಬರೆಯತೊಡಗಿದರು.

ಆಲ್ಬರ್ಟನಿಗೆ ಹೋಗಲೇಬೇಕು. ಅವನ ಅಜ್ಜ ಸಿಕಂದರಾಬಾದಿನಿಂದ ರೈಲು ಓಡಿಸುತ್ತ ಬಂದು ಬೀದರಿನಲ್ಲೇ ಉಳಿದವರು. ಆಂಗ್ಲೋ-ಇಂಡಿಯನ್ ಬಳಗವೆಲ್ಲ ಒಬ್ಬೊಬ್ಬರಾಗಿ ಪರ್ಥ್ ಸೇರಿತು. ಇಲ್ಲಿ ಇವನೊಬ್ಬ. ಕ್ರಿಸ್‌ಮಸ್‌ಗೆ ಮೊಬೈಲ್ ಸ್ಕ್ರೀನ್ ನೋಡುತ್ತ ಕೇಕ್ ಕತ್ತರಿಸುತ್ತಾನೆ.

21 ಜನವರಿ
ಔರಾದಿಗೆ ಬಸ್. ಅಲ್ಲಿಂದ ಟಂಟಂ ಆಟೋದಲ್ಲಿ ಚಿಂತಾಕಿ. ಪಾಲ ತೊಗರಿ ರಾಶಿಯ ಹತ್ತಿರ ಕೂತಿದ್ದ. ತಲೆ ಪೂರ್ತಿ ನೆರೆತಿದೆ. ಎರಡನೇ ಹೆಂಡತಿ ಈರಮ್ಮ ನೀರು ಕೊಟ್ಟು ದೂರ ಸರಿದಳು. ಬಂದ ಕಾರಣ ಪಾಲನಿಗೆ ಹೇಳಿದೆ.

"ಬೀದರಿನಾಗ ಇದ್ಲು, ಸುಮ್ಮನಿದ್ದೆ. ದರ್ಯಾ ದಾಟಿ ಪರದೇಶಕ್ಕ ಒಯ್ತೀನಿ ಅಂದ್ರ ಹ್ಯಾಂಗ ಸುಮ್ಮನಿರ್ಲಿ?"
"ಒಂಬತ್ತು ವರ್ಷದಾಗ ಒಮ್ಮಿ ಆದ್ರೂ ಬಂದೀರೇನ್ರಿ ಭಾವ?"
ತೊಗರಿ ಕೆದಕಿದ. "ಬಂದೀನಿ. ಎರಡ ಸಲ. ಸಾಲಿ ಗೇಟಿನತನಕ. ಒಳಗ ಬರಲಿಕ್ಕ ಮಾರಿ ಇರಲಿಲ್ಲ." ಆಮೇಲೆ, "ಮೊದಲ ಒಮ್ಮಿ ಕಣ್ಣಿಗಿ ತೋರಸು. ಆಮ್ಯಾಲ ನೋಡಮು."

ಬೈಯಲೆಂದೇ ಹೋದವಳು. ಬೈಯಲಾಗಲಿಲ್ಲ.

4 ಫೆಬ್ರವರಿ
ಭಾಲ್ಕಿಯ ಚರ್ಚ್ ಅಂಗಳ. ಪಾಲನೇ ಹೇಳಿದ ಜಾಗ — ಅಕ್ಕನ ಮದುವೆ ಆದದ್ದು ಅಲ್ಲೇ. 'ಊರಿನ ಅಂಕಲ್' ಎಂದು ಶಾಲೂಗೆ ಹೇಳಿದ್ದೆ. ರುಮಾಲಿನಲ್ಲಿ ಬಾರೆಹಣ್ಣು ತಂದಿದ್ದ. ಅವಳು ನಕ್ಕಳು. ಪಾಲನ ಬಾಯಿಂದ ಮಾತು ಬಿದ್ದೇ ಹೋಯಿತು.
"ಥೇಟ ಅವರವ್ವನಾಂಗ ನಗ್ತಾಳ."
ಶಾಲೂ ನನ್ನ ಕಡೆ ತಿರುಗಿದಳು. "ನೀ ಹಂಗ ನಗಂಗಿಲ್ಲಲ್ಲ, ಮಮ್ಮಿ?"

ವಾಪಸ್ ಬರುವಾಗ ಬಸ್‌ನಲ್ಲಿ ಎಲ್ಲ ಹೇಳಿದೆ. ಹಲಬರ್ಗಾ ಊರು ದಾಟುವಾಗ ನನ್ನ ಹೊಟ್ಟೆ ನೋಡಿದಳು. ಆಮೇಲೆ ಒಂದೇ ಪ್ರಶ್ನೆ.
"ಹೊಟ್ಯಾಗಿಂದು ನಿಂದೇ ಏನು?"

18 ಮಾರ್ಚ್
ಬರ್ತೀನಿ ಎಂದಿದ್ದ ಪಾಲ ಕೋರ್ಟಿಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಮುಂದಿನ ತಾರೀಖು ಜೂನ್‌ನಲ್ಲಿ.

"ನೀ ಹೋಗು ಜೆಮಿ," ಎಂದ ಆಲ್ಬರ್ಟ. "ನಾ ಇಕಿ ಕೂಡ ಇರ್ತೇನಿ. ಆರ್ಡರ್ ಕೈಗಿ ಬಂದ ದಿನಾನೇ ಇಬ್ಬರೂ ಬರ್ತೇವಿ."

ಹೋಗಬೇಕು ಹೋಗಬೇಕು ಎಂದವನು ಅವನು. ಹೋಗುವವಳು ನಾನು. ತಡಮಾಡಿದರೆ ಈ ಹೊಟ್ಟೆ ಹೊತ್ತವಳನ್ನು ವಿಮಾನಕ್ಕೆ ಹತ್ತಿಸುವುದಿಲ್ಲ. ಕೆಲಸವೂ ಕಾಯುವುದಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದೆ. ಎದ್ದು ಶಾಲೂಳ ಯೂನಿಫಾರ್ಮ್ ಇಸ್ತ್ರಿ ಮಾಡಿದೆ.

11 ಏಪ್ರಿಲ್
ಹೊರಡುವ ಹೊತ್ತಿಗೆ ಶಾಲೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು. ತೆರೆಯಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ... ಏನು ಹೇಳಿದೆನೋ. ಒಳಗೆ ನಲ್ಲಿ ಜೋರಾಗಿ ಬಿಟ್ಟಿದ್ದಳು. ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಹೊಡೆದ.

22 ಜುಲೈ, ಪರ್ಥ್
ಹೆಣ್ಣು. ಮೂರು ದಿನವಾಯಿತು. ಎಷ್ಟು ಜನರ ಹೆರಿಗೆ ಮಾಡಿಸಿದವಳು, ನನ್ನ ಹೊತ್ತಿಗೆ ಹಿಡಿದದ್ದು ಆಲ್ಬರ್ಟನ ಸೋದರತ್ತೆಯ ಕೈ. ಒಳ್ಳೆಯವರು. ಕನ್ನಡ ಬಾರದು. ನಾನು "ಯವ್ವಾ" ಎಂದಾಗಲೆಲ್ಲ "ಯೆಸ್ ಡಾರ್ಲಿಂಗ್" ಎಂದರು.

ಪಾಲ ಜೂನ್‌ನಲ್ಲೂ ತಪ್ಪಿಸಿಕೊಂಡ. ಶಾಲೂ ವೀಡಿಯೊ ಕಾಲ್‌ಗೆ ಬರುತ್ತಿಲ್ಲ. ಹೋಂವರ್ಕ್ ಅಂತೆ, ಹೊಟ್ಟೆನೋವಂತೆ, ಮಲಗಿದ್ದಾಳಂತೆ. ಆಲ್ಬರ್ಟನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೂಸಿನ ಫೋಟೊ ಕಳಿಸಲೋ ಬೇಡವೋ...

20 ಆಗಸ್ಟ್, ಸಂಜೆ 7
ಪಾಲ ಬಂದನಂತೆ! ಜಡ್ಜ್ ಮುಂದೆ ಒಪ್ಪಿ ಸಹಿ ಹಾಕಿದನಂತೆ. ಆಲ್ಬರ್ಟ ಫೋನಿನಲ್ಲಿ ಅಳುತ್ತಿದ್ದ. ಸಂತೋಷಕ್ಕೆ ಎಂದುಕೊಂಡೆ.

"ಆಮ್ಯಾಲ ಶಾಲೂನ್ನ ಕೇಳಿದ್ರು ಜೆಮಿ. ಹೋಗ್ತೀಯೇನವ್ವ ಅಂತ. ಹೋಗಂಗಿಲ್ಲ ಅಂದ್ಳು. ಡ್ಯಾಡಿ ಕೂಡ ಇಲ್ಲೇ ಇರ್ತೇನಿ ಅಂದ್ಳು. ನಾ ಏನ ಮಾಡ್ಲಿ, ಹೇಳು."
"ಅಕಿಗಿ ಫೋನ್ ಕೊಡು."

ಕೊಟ್ಟ. ಅವಳ ಉಸಿರು ಕೇಳಿಸಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ. ಕೆಲಸ ಬಿಟ್ಟು ಬರ್ತೇನಿ ಎಂದೆ. ನಾಳೆಯೇ ಬರ್ತೇನಿ ಎಂದೆ. ಬಾಯಿಗೆ ಬಂದದ್ದೆಲ್ಲ ಎಂದೆ. ಒಳಕೋಣೆಯಲ್ಲಿ ಕೂಸು ಚೀರತೊಡಗಿತು.

"ಪಾಪು ಅಳಲತ್ತದ," ಎಂದಳು ಶಾಲೂ. ಸಿಟ್ಟಿಲ್ಲ. ದೊಡ್ಡವರ ದನಿ. "ನೀ ಹೋಗು."
"ಒಂದ ನಿಮಿಷ, ಶಾಲೂ. ಫೋನ್ ಇಡಬ್ಯಾಡ—"

ಓಡಿದೆ. ಎತ್ತಿಕೊಂಡೆ. ತಿರುಗಿ ಬಂದು ಫೋನ್ ಕಿವಿಗಿಟ್ಟರೆ, ಶಾಲೂ ಇಟ್ಟುಬಿಟ್ಟಿದ್ದಳು.