ಎರಡನೆಯ ಸಲ ಅಂಜನಾ ಹೇಳಿದ್ದು

ಕೂಡಿದ ದೈವಕ್ಕೆಲ್ಲ ಶರಣು ಶರಣಾರ್ಥಿ. ಹೋದ ವಾರ ಬಳ್ಳಾರಿಯ ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಕುರ್ಚಿ ಹಿಡಿದು ಕೂತಿದ್ದ ಹಿರಿಯರೇ, ಗೋಡೆಗೆ ಒರಗಿ ನಿಂತಿದ್ದ ಹುಡುಗರೇ, ಅಲ್ಲಿಗೆ ಬಾರದೆ ಫೋನಿನಲ್ಲಷ್ಟೇ ನೋಡಿದ ಕುರುಗೋಡು, ಸಿರುಗುಪ್ಪದ ತಾಯಂದಿರೇ, ತಂದೆಗಳೇ, ಎಲ್ಲರೂ ಕೂತುಕೊಳ್ಳಿ. ನೀವು ಅರ್ಧ ಆಟ ನೋಡಿ ಎದ್ದು ಹೋದವರು. ಮಗಳೊಬ್ಬಳು ವೇದಿಕೆಯ ಮೇಲಿಂದ ಅಪ್ಪನ ಕಡೆ ಬೆರಳು ಮಾಡಿದ್ದು, ಅಪ್ಪ ಹೆಗಲ ಟವೆಲ್ಲು ಜಾರಿ ಬಿದ್ದದ್ದೂ ತಿಳಿಯದೆ ಹೊರಗೆ ನಡೆದದ್ದು, ಇಷ್ಟನ್ನೇ ನಿಮ್ಮ ಫೋನುಗಳು ಊರಿಂದ ಊರಿಗೆ ಹೊತ್ತು ತಿರುಗುತ್ತಿವೆ. ಉಳಿದರ್ಧವನ್ನು ಆ ಅಪ್ಪನಿಗೇ ಬರೆಯುತ್ತಿದ್ದೇನೆ. ಕಾಗದ ಅವನದು. ಕಿವಿ ನಿಮ್ಮದೂ ಇರಲಿ.

ಗೆಳೆಯ ಜಂಬಣ್ಣನಿಗೆ, ಸಿರುಗುಪ್ಪದಿಂದ ದೊಡ್ಡಾಟದ ಮಾಸ್ತರ ಗಾದೆಪ್ಪ ಮಾಡುವ ನಮಸ್ಕಾರ.

ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಒಮ್ಮೆ ನಿನ್ನ ಹೆಂಡತಿ ಅಂಬಮ್ಮ ಎತ್ತಿ, "ಅಣ್ಣಾ, ಅಂಗಡಿ ಬಾಗಿಲಾ ತೆಗೆದಿಲ್ಲ. ಗ್ವಾಡಿ ಕಡಿ ಮಕ ಮಾಡಿ ಮಕ್ಕಂಡಾರ" ಎಂದು ಪಿಸುಗುಟ್ಟಿ ಇಟ್ಟಳು. ಕುರುಗೋಡಿನ ದಾರಿಯಲ್ಲಿ ಪಂಕ್ಚರ್ ಆದ ಗಾಡಿಗಳೆಲ್ಲ ನಿನ್ನ ಅಂಗಡಿಯ ಬೀಗ ನೋಡಿ ತಳ್ಳಿಕೊಂಡು ಮುಂದೆ ಹೋಗುತ್ತಿವೆಯಂತೆ. ಮಗಳು ಅಂಜನಾಳ ಫೋನನ್ನು ಮಾತ್ರ ನೀನೇ ಎತ್ತಿದ್ದಿ. "ನನ್ನ ಹೊಸ್ತಿಲಾ ತುಳಿಬ್ಯಾಡ. ನಿನ್ನ ಪಾಲಿಗೆ ಅಪ್ಪ ಸತ್ತ ಅಂತ ತಿಳಕೋ" ಅಂದಿ. ನಾಳೆಯಿಂದ ದಸರಾ ರಜೆ, ಬಳ್ಳಾರಿಯಲ್ಲಿ ಅವಳ ಹಾಸ್ಟೆಲಿಗೆ ಬೀಗ ಬೀಳುತ್ತದೆ. ಹುಡುಗಿಯರೆಲ್ಲ ಬ್ಯಾಗು ತುಂಬಿಕೊಳ್ಳುತ್ತಿದ್ದಾರೆ. ನಿನ್ನ ಮಗಳು ಮಂಚದ ಮೇಲೆ ಸುಮ್ಮನೆ ಕೂತಿದ್ದಾಳೆ.

ಕೇಳುವವರಿಗೆ ತಿಳಿಯಲೆಂದು ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕಾಗಿದೆ, ತಾಳಿಕೋ. ನಿನ್ನ ಹಿರಿಮಗಳು ಹುಲಿಗೆಮ್ಮ ಹತ್ತನೆಯ ತರಗತಿ ಪಾಸಾದ ಬೇಸಿಗೆಯಲ್ಲಿ ನಿನ್ನ ತಾಯಿ ಸುಂಕಲಮ್ಮ ಹಾಸಿಗೆ ಹಿಡಿದಳು. "ನಾ ಕಣ್ಣು ಮುಚ್ಚೂದ್ರಾಗ ಮಮ್ಮಗಳಿಗೆ ಅಕ್ಕಿಕಾಳು ಹಾಕ್ತೀನಿ" ಎಂದು ಹಟ ಹಿಡಿದಳು. ಹುಡುಗಿ ಕಾಲೇಜಿಗೆ ಹೋಗುತ್ತೇನೆಂದು ಎರಡು ದಿನ ಅತ್ತಳು. ಸಾಯುವವಳ ಮಾತು ಮೀರಬಾರದೆಂದು ನೀನು ಸಿರುಗುಪ್ಪದ ಅಕ್ಕಿ ಗಿರಣಿಯ ಹುಡುಗನಿಗೆ ಧಾರೆಯೆರೆದು ಕೊಟ್ಟೆ. ಊರಿಗೆ ಊರೇ ಬಂದು ಉಂಡಿತು. ಹುಡುಗಿಗೆ ಎಷ್ಟು ವಯಸ್ಸೆಂದು ಉಂಡವರಲ್ಲಿ ಒಬ್ಬನೂ ಕೇಳಲಿಲ್ಲ. ಮುದುಕಿ ಎದ್ದು ಕೂತಳು. ಇವತ್ತಿಗೂ ನಿನ್ನ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾಳೆ.

ಚೊಚ್ಚಲ ಹೆರಿಗೆಗೆ ಹುಲಿಗೆಮ್ಮ ತವರಿಗೆ ಬಂದಳು. ಕಾಲು ಬಾತಿದ್ದವು, ತಲೆ ಸಿಡಿಯುತ್ತಿತ್ತು. ದವಾಖಾನೆಗೆ ಕರೆದೊಯ್ಯಬೇಕು. ಆದರೆ ಆಗಷ್ಟೇ ಪಕ್ಕದೂರಿನಲ್ಲಿ ಹದಿನೆಂಟು ತುಂಬದ ಮಗಳ ಮದುವೆ ಮಾಡಿದನೆಂದು ಒಬ್ಬ ತಂದೆಯ ಮೇಲೆ ಕೇಸಾಗಿತ್ತು, ಬಸುರಿಯ ವಯಸ್ಸು ಕೇಳಿಯೇ ಪೊಲೀಸರು ಬಂದರೆಂದು ಸುದ್ದಿ. ಆಗ ನೀನು ನಮ್ಮ ಆಟದ ಮಂದಿಗೆ ಮಾತ್ರ ತೋಚುವ ಉಪಾಯ ಹೂಡಿದೆ. ಮಗಳಿಗೆ ವೇಷ ಕಟ್ಟಿದೆ. ಅವ್ವನ ದಪ್ಪ ಅಂಚಿನ ಸೀರೆ ಉಡಿಸಿದೆ, ತುರುಬು ಕಟ್ಟಿಸಿದೆ, ಹಣೆಗೆ ದೊಡ್ಡ ಕುಂಕುಮ ಇಡಿಸಿದೆ. ದೊಡ್ಡಾಟದ ಭೀಮನಾಗಿ ಮೂರು ತಾಲ್ಲೂಕು ನಡುಗಿಸಿದವನು ಕೂಸಿನಂಥ ಮಗಳ ಮುಂದೆ ಕೂತು ದನಿ ಕಲಿಸಿದೆ. "ಹಂಗ ಕೀರಲಾ ಮಾತಾಡಬ್ಯಾಡವ್ವಾ. ಹೊಟ್ಟಿಯಿಂದ ತೆಗಿ. ಹತ್ತೊಂಬತ್ತರೀ. ಹಾಂ, ಇನ್ನೊಂದೀಟು ಇಳಸು." ಆ ಹುಡುಗಿ ನಗುತ್ತ ಕಲಿತಳಂತೆ. ಬಾಗಿಲ ಸಂದಿಯಲ್ಲಿ ನಿಂತು ಅಂಜನಾ ನೋಡುತ್ತಿದ್ದಳು.

ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. ಹುಲಿಗೆಮ್ಮ ಹೊಟ್ಟೆಯಿಂದ ದನಿ ತೆಗೆದು ಉತ್ತರ ಕೊಟ್ಟಳು. ವೇಷ ಗೆದ್ದಿತು. ಹದಿನಾರು ಎಂದಿದ್ದರೆ, ಎಳೆಯ ವಯಸ್ಸಿನ ಬಸುರಿಗೆ ಅಪಾಯ ಹೆಚ್ಚೆಂದು ಅದೇ ದಿನ ಬಳ್ಳಾರಿಯ ದೊಡ್ಡ ದವಾಖಾನೆಗೆ ಕಳಿಸುತ್ತಿದ್ದರು. ಗುಳಿಗೆ ಕೊಟ್ಟು, ಎಂಟು ದಿನ ಬಿಟ್ಟು ಬನ್ನಿ ಎಂದರು. ಅಷ್ಟು ದಿನ ತುಂಬಲಿಲ್ಲ. ಮಟಮಟ ಮಧ್ಯಾಹ್ನ ಫಿಟ್ಸ್ ಬಂತು. ಆಂಬುಲೆನ್ಸು ಬಳ್ಳಾರಿಯ ದಾರಿಯಲ್ಲಿ ಕೊಳಗಲ್ಲು ದಾಟುವಷ್ಟರಲ್ಲಿ ಸೈರನ್ನು ನಿಂತಿತು. ತಾಯಿಯನ್ನೂ ಕೂಸನ್ನೂ ಒಂದೇ ಕುಣಿಯಲ್ಲಿ ಇಟ್ಟು ಬಂದೆವು. ಅಂದಿನಿಂದ ನಿನ್ನ ಮನೆಯಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಬಂದಿಲ್ಲ.

ಈಗ ಆ ಸಭೆಗೆ ಬಾ ಜಂಬಣ್ಣ. ಅಂಜನಾಳ ಮೇಷ್ಟ್ರು ಚಿದಾನಂದಪ್ಪನವರು ಏರ್ಪಡಿಸಿದ್ದ ಕಾರ್ಯಕ್ರಮ ಅದು. ಸರ್ಕಾರದ ಒಂದು ನಿಯಮ ತಮ್ಮ ಮನೆಯೊಳಗೆ ಬಂದಾಗ ಏನಾಯಿತೆಂದು ಒಬ್ಬೊಬ್ಬ ವಿದ್ಯಾರ್ಥಿಯೂ ಹೇಳಬೇಕು. ಯಾರ ಹೆಸರನ್ನೂ ಎತ್ತಬಾರದು. ಮಾತಿನ ಏರಿಳಿತ ಕಲಿಸಲು ನನ್ನನ್ನು ಕರೆಸಿದ್ದರು. ರೂಪನಗುಡಿಯ ಹುಡುಗಿ ಬಸ್ಸಿನ ಕತೆ ಹೇಳಿದಳು. ಕುಡತಿನಿಯ ಹುಡುಗ, "ನಮ್ಮ ಹಾಸ್ಟೆಲ್‌ನ್ಯಾಗ ಒಬ್ಬಗ ದಿನಕ್ಕ ಒಂದ ತಂಬಿಗಿ ನೀರು ಅಂತ ನಿಯಮ ಐತ್ರಿ. ಮುಂಜಾನಿ ಮಕ ತೊಳಕೊಂಡವ ರಾತ್ರಿ ಕೈ ತೊಳಕೊಳ್ಳೂ ಹಂಗಿಲ್ಲರೀ, ಎರಡರಾಗ ಒಂದು" ಎಂದು ಎಲ್ಲರನ್ನೂ ನಗಿಸಿದ. ಅಂಜನಾ ತನ್ನ ಕತೆಯನ್ನು ನನಗೆ ಮೊದಲೇ ಹೇಳಿದ್ದಳು. "ಮಾಸ್ತರ, ಅಪ್ಪಗ ಮುಂಚೇಲೆ ಹೇಳಬ್ಯಾಡ್ರಿ. ಬಂದು ಕೂತು ಕೇಳ್ಲಿ. ಮನಿಯಾಗಂತೂ ಕೇಳೂದಿಲ್ಲ" ಅಂದಿದ್ದಳು.

ನೀನು ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದೆ. ಕತೆಯ ತಲೆ ನಿನಗೆ ಸಿಗಲಿಲ್ಲ. ನೀನು ಬಾಗಿಲಲ್ಲಿ ಕಾಲಿಟ್ಟಾಗ ಅವಳು ಡಾಕ್ಟರಮ್ಮನ ಮುಂದೆ ಕೂತ ಬಸುರಿಯಾಗಿದ್ದಳು. ಸೆರಗು ಹೊದ್ದು, ಕತ್ತು ತಗ್ಗಿಸಿ, ಹೊಟ್ಟೆಯಿಂದ ದನಿ ತೆಗೆದು, "ಹತ್ತೊಂಬತ್ತರೀ" ಅಂದಳು. ನಾವು ಆಟದವರು, ನಮ್ಮ ಕಿವಿಗೆ ಮಾತಿಗಿಂತ ಮೊದಲು ದನಿ ಬೀಳುತ್ತದೆ. ಮಗಳ ಗಂಟಲಲ್ಲಿ ನಿನ್ನದೇ ಪಾಠ ಕೇಳಿ ನಿನ್ನ ಎದೆ ಉಬ್ಬಿತು. ಟವೆಲ್ಲು ಬೀಸಿ ಕೂಗಿದೆ: "ಒನ್ಸ್ ಮೋರ್ ಲೇ ನನ್ನ ಮಗಳ, ಒನ್ಸ್ ಮೋರ್." ನಿನ್ನ ಹಿಂದೆ ಇಡೀ ಸಭೆಯೇ ಕೂಗಿತು. ಸಭೆಯವರಿಗೆ ತಾವು ಏನು ಬೇಡುತ್ತಿದ್ದೇವೆಂಬ ಅರಿವಿರಲಿಲ್ಲ, ನಿನಗೂ ಇರಲಿಲ್ಲ.

ನಮ್ಮ ಸೀಮೆಯ ಆಟಗಳಲ್ಲಿ ಒನ್ಸ್ ಮೋರ್ ಬಂದರೆ ಸತ್ತ ಪಾತ್ರವೂ ಎದ್ದು ಪದ ಹಾಡಿ ಮತ್ತೆ ಸಾಯಬೇಕು. ಆ ಕಟ್ಟಳೆಯಲ್ಲೇ ಬೆಳೆದ ಹುಡುಗಿ ನಿನ್ನನ್ನೇ ನೋಡಿದಳು. ತಲೆಯ ಸೆರಗು ಸರಿಸಿದಳು. ಎರಡನೆಯ ಸಲ ಹೇಳುವಾಗ ಹೆಸರು ಎತ್ತಬಾರದೆಂಬ ಕಟ್ಟು ಮುರಿಯಿತು. "ಆಕಿ ನಮ್ಮಕ್ಕ ಹುಲಿಗಿ. ಆ ದನಿ ಕಲಿಸಿದಾತ ನಮ್ಮಪ್ಪ. ಅಗೋ, ಅಲ್ಲಿ ನಿಂತಾನ" ಅಂದಳು. ನೀನು ಹೊರಗೆ ನಡೆದೆ. ಸಭೆಗೆ ಸಭೆಯೇ ನಿನ್ನ ಬೆನ್ನ ಕಡೆ ತಿರುಗಿತು, ಫೋನುಗಳು ತಿರುಗಿದವು. ಅವಳು ಮಾತು ನಿಲ್ಲಿಸಲಿಲ್ಲ. ಆ ಗದ್ದಲದಲ್ಲಿ ಮುಂದಿನದನ್ನು ಕೇಳಿಸಿಕೊಂಡವರು ಪರದೆಯ ಪಕ್ಕದಲ್ಲಿದ್ದ ನಾನು, ಚಿದಾನಂದಪ್ಪನವರು, ಇಬ್ಬರೇ. ಅದನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ, ಓದು.

"ನಮ್ಮಪ್ಪ ಕೆಟ್ಟಾತ ಅಲ್ಲ. ಅಂಜಿದ್ದ. ಕಾನೂನು ಬ್ಯಾಡ ಅಂತ ನಾ ಅನ್ನೂದಿಲ್ಲ, ಆ ಕಾನೂನು ನಮ್ಮ ಮನಿ ಬಾಗಿಲಿಗೆ ಮದುವಿಗಿಂತ ಮುಂಚೆ ಬರಬೇಕಿತ್ತು. ಊಟ ಮಾಡಾಕ ಬಂದ ಮಂದ್ಯಾಗ ಒಬ್ಬರಾದ್ರೂ ಅದನ್ನ ಕರಕೊಂಡು ಬರಬೇಕಿತ್ತು. ಬಸುರಾದಮ್ಯಾಲೆ ಡಾಕ್ಟರ ಹಿಂದ ಪೊಲೀಸ ನಿಂತಾನ ಅಂದ್ರ ನಮ್ಮಂಥವರು ಸುಳ್ಳು ಹೇಳ್ತೀವಿ. ಸುಳ್ಳಿಗೆ ಔಷಧ ಕೊಡೂದು ಯಾವ ಡಾಕ್ಟರಿಗೂ ಬರೂದಿಲ್ಲ. ವಯಸ್ಸು ಕಮ್ಮಿ ಇದ್ದಾಕಿ ಅಂಜದಂಗ ಖರೇ ವಯಸ್ಸು ಹೇಳೂ ಒಂದು ಖೋಲಿ ದವಾಖಾನಿಯಾಗ ಇರಬೇಕು. ಅಷ್ಟ ನಾ ಕೇಳೂದು. ನಮ್ಮಕ್ಕ ಸತ್ತಾಗಿಂದ ನಮ್ಮಪ್ಪ ಆಟದಾಗ ಪಾತ್ರ ಹಿಡಿದಿಲ್ಲ. ಯಾಕಂತ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ."

ಇದು ನಿನ್ನ ಮಗಳ ಮಾತು ಜಂಬಣ್ಣ. ನೀನು ಬೆರಳನ್ನಷ್ಟೇ ಹೊತ್ತುಕೊಂಡು ಹೋದೆ, ಮಾತು ಅಲ್ಲೇ ಉಳಿಯಿತು. ನಿನ್ನೆ ಹಾಸ್ಟೆಲಿಗೆ ಹೋಗಿದ್ದೆ. "ತಪ್ಪು ಮಾಡಿದೆ ಅನಸ್ತದೇನವ್ವಾ" ಎಂದು ಕೇಳಿದೆ. "ಬೆರಳು ಮಾಡಬಾರದಿತ್ತು ಮಾಸ್ತರ. ಆದ್ರ ಹೇಳಬಾರದಿತ್ತು ಅಂತ ಅನಸೂದಿಲ್ಲ. ಒಂದ್ ಮಗಳ ಹೆಸರು ಹೇಳಬಾರದು, ಇನ್ನೊಂದ್ ಮಗಳು ಮನಿಗೆ ಬರಬಾರದು. ಹಂಗಾರ ಅಪ್ಪಗ ಇರೋರಾದ್ರೂ ಯಾರು?" ಅಂದಳು.

ದೈವವೇ, ಜಂಬಣ್ಣನ ಅಂಗಡಿಯ ಮುಂದೆ ಹಾಯುವಾಗ ಫೋನು ತೆಗೆಯುವವರು ಒಂದು ಕ್ಷಣ ತಡೆಯಿರಿ. ಕಳೆದ ಬೇಸಿಗೆಯಲ್ಲೂ ಲಗ್ನಗಳಿದ್ದವು, ನೀವೂ ಉಂಡಿರಿ, ನಾನೂ ಉಂಡೆ. ಬರುವ ಬೇಸಿಗೆಯಲ್ಲಿ ಎಲೆಯ ಮುಂದೆ ಕೂರುವ ಮೊದಲು ಹುಡುಗಿಯ ವಯಸ್ಸು ಕೇಳಿ ಕೂರೋಣ.

ಜಂಬಣ್ಣ, ಬಳ್ಳಾರಿ ದುರ್ಗಮ್ಮ ನಿನ್ನ ಮನೆಯ ಮೇಲೆ ಕಣ್ಣಿಡಲಿ. ಹೋದ ಮಗಳಿಗೆ ತಣ್ಣಗಿನ ನೆರಳು ಸಿಗಲಿ, ಇದ್ದ ಮಗಳಿಗೆ ಅಪ್ಪ ಸಿಗಲಿ. ಸಂಜೆಯ ಬಸ್ಸಿಗೆ ಕುರುಗೋಡಿಗೆ ಬರುವ ನಿನ್ನ ಅಳಿಯ, ಅಕ್ಕಿ ಗಿರಣಿಯ ಹುಲುಗೇಶನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹೆಂಡತಿಯನ್ನು ಕಳೆದುಕೊಂಡ ಆ ಹುಡುಗನೇ ನಿನಗೆ ಓದಿ ಹೇಳುತ್ತಾನೆ. ಅವನಿಗೂ ಹುಲಿಗೆಮ್ಮನ ಹೆಸರು ಬಾಯಿಬಿಟ್ಟು ಹೇಳಬೇಕಾಗಿದೆಯಂತೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋಗುತ್ತೇನೆ. ಹಾಸ್ಟೆಲಿಗೆ ಬೀಗ ಬೀಳುವ ಮೊದಲು ಅಂಜನಾಳ ಬ್ಯಾಗನ್ನು ನಾನೇ ತುಂಬಿಸುತ್ತೇನೆ. ಅಲ್ಲಿಂದ ಕುರುಗೋಡಿಗೆ ಬಂದು, ನಿನ್ನ ಹೊಸ್ತಿಲಿನ ಹೊರಗೆ ಅವಳನ್ನು ನಿಲ್ಲಿಸಿ, ನಾನು ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆಯುತ್ತೇನೆ.

ಇಂತಿ ನಿನ್ನ,
ಗಾದೆಪ್ಪ, ಸಿರುಗುಪ್ಪ